ಭಾನುವಾರದ ಕಸದ ಮೂಲೆ ಕೆಲಸಕ್ಕೆ

ಪುಟ್ಟಾ, ನಿನ್ನ ಮೆಸೇಜ್ ನೋಡ್ದೆ. ಎನ್‌ಎಸ್‌ಎಸ್‌ನ 25 ಜನ ಭಾನುವಾರ ಟ್ರಾನ್ಸ್‌ಫಾರ್ಮರ್ ಪಕ್ಕದ ಕಸ ತೆಗೆದು ಗೋಡೆಗೆ ಬಣ್ಣ ಹೊಡೀತೀವಿ, ಪೇಂಟ್ ಎಷ್ಟು ಬೇಕು ಅಂತ ಕೇಳಿದ್ದೀಯ. ಪೇಂಟ್ ಆಮೇಲೆ. ಮೊದಲು ಅಲ್ಲಿ ಕಸ ಯಾರು, ಎಷ್ಟು ಹೊತ್ತಿಗೆ ಹಾಕ್ತಾರೆ ಅಂತ ಗೊತ್ತಾಗ್ಬೇಕಪ್ಪ. ಈ ವಾರ ಮೂರು ದಿನ, ಬೆಳಿಗ್ಗೆ 5:30ರಿಂದ 8, ರಾತ್ರಿ 9ರಿಂದ 11, ಇಬ್ಬಿಬ್ಬರು ಟೀ ಅಂಗಡಿ ಹತ್ರ ಕೂತು ಬರ್ಕೊಳ್ಳಿ. ಜಗಳ, ಫೋಟೋ ಎರಡೂ ಬೇಡ. ಸಾಮಾನ್ಯವಾಗಿ ಸಿಕ್ಕಿಬೀಳೋರು ಇವರೇ: ಕಸದ ಆಟೋ ಬರೋ ಮುಂಚೆ ಕೆಲಸಕ್ಕೆ ಹೊರಡೋರು, ಪಿಜಿಯೋರು, ರಾತ್ರಿ ಬಾಗಿಲು ಹಾಕೋ ಚಿಕನ್ ಅಂಗಡಿ. ಪಿಜಿಗೆ ಆಟೋ ಟೈಮ್ ಹೇಳಿ ಬಂದ್ರೆ ಸಾಲದು, ಗೇಟ್ ಒಳಗೇ ಎರಡು ಡ್ರಮ್ ಇಡ್ಸಿ. ನಿಮಗೆ ವರ್ಷಕ್ಕೆ 120 ಗಂಟೆ ಸೇವೆ ಬೇಕಲ್ಲ, ಈ ಕಾವಲನ್ನೂ ಡೈರಿಗೆ ಬರೀಬಹುದಾ ಅಂತ ಪ್ರೋಗ್ರಾಂ ಆಫೀಸರನ್ನ ಕೇಳು.

ಪಾಲಿಕೆ ಹೆಲ್ತ್ ಇನ್‌ಸ್ಪೆಕ್ಟರ್‌ಗೆ ಗುರುವಾರದೊಳಗೆ ಹೇಳ್ಬಿಡಿ. ಇಟ್ಟಿಗೆ ಚೂರು, ಹಾಸಿಗೆ ಇವನ್ನ ದಿನದ ಆಟೋ ಮುಟ್ಟಲ್ಲ, ಟ್ರ್ಯಾಕ್ಟರೇ ಬೇಕು. ಇದನ್ನ ಮರೆತ್ರೆ ಭಾನುವಾರ ಮಧ್ಯಾಹ್ನ 40 ಚೀಲ ಅದೇ ಮೂಲೇಲಿ ಸಾಲಾಗಿ ನಿಂತಿರುತ್ತೆ. ಗೋಡೆ ಯಜಮಾನರಿಂದಲೂ ಒಪ್ಪಿಗೆ ಬರೆಸ್ಕೊಳ್ಳಿ.

ಮಣ್ಣು ತುಂಬೋದು ಸಿಮೆಂಟ್ ಚೀಲದ ಅರ್ಧಕ್ಕೆ ಮಾತ್ರ, ಪೂರ್ತಿ ತುಂಬಿದ್ರೆ ಎತ್ತುವಾಗ ಹರಿಯುತ್ತೆ. ಸಲಿಕೆ ನಾಲ್ಕು, ಬಾಂಡ್ಲಿ ಆರು, ಹಾರೆ ಒಂದು ಸಾಕು. ಸಲಿಕೆ ಹಿಡಿಯೋರು, ಚೀಲ ಹೊರೋರು ಸೇರಿ ಹತ್ತು ಜನ. ಇಬ್ಬರು ರಸ್ತೇಲಿ ಗಾಡಿ ನೋಡ್ಕೊಳ್ಳಿ, ಉಳಿದೋರು ಮನೆಮನೆಗೆ ಹೋಗಿ ಇಲ್ಲಿ ಕಸ ಹಾಕ್ಬೇಡಿ ಅಂತ ಹೇಳ್ಲಿ. ತೆಳು ಕೈಗವಸು ಬೇಡ, ಒಡೆದ ಗಾಜು, ಇಂಜೆಕ್ಷನ್ ಸೂಜಿ ಇರುತ್ತೆ. ದಪ್ಪ ರಬ್ಬರಿಂದೇ ತನ್ನಿ, ಚಪ್ಪಲೀಲಿ ಯಾರೂ ಬರೋ ಹಾಗಿಲ್ಲ. ಟ್ರಾನ್ಸ್‌ಫಾರ್ಮರ್ ಬೇಲಿ ಒಳಗೆ ಕೈ ಹಾಕೋದು, ಆ ಕಡೆ ನೀರು ಎರಚೋದು ಬೇಡವೇ ಬೇಡ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಆಸಿಡ್ ಸುರೀಬೇಡಿ, ಕ್ಲೋರಿನ್ ಎದ್ದು ಉಸಿರು ಕಟ್ಟುತ್ತೆ.

ಈಗ ಗೋಡೆ. 30 ಅಡಿ ಉದ್ದ, 6 ಅಡಿ ಎತ್ತರ ಅಂದ್ರೆ 180 ಚದರಡಿ. ಶನಿವಾರ ಬೆಳಿಗ್ಗೆ ನಾಲ್ಕು ಜನ ಬಂದು ತಂತಿ ಬ್ರಷ್‌ನಲ್ಲಿ ಪಾಚಿ, ಹಳೇ ಪೋಸ್ಟರ್ ಕೆರೆದು ತೊಳೀಲೇಬೇಕು. ಹಸಿ ಗೋಡೆಗೆ ಬಣ್ಣ ಹೊಡೆದ್ರೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಹೊರಗೋಡೆ ಪ್ರೈಮರ್ 2 ಲೀಟರ್, ಒಂದು ಕೋಟ್. ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಕೋಟ್‌ಗೆ ಲೀಟರಿಗೆ 50-60 ಚದರಡಿ ಹಿಡೀರಿ. ತಿಳಿ ಬಣ್ಣದ್ದು 4 ಲೀಟರ್ ಡಬ್ಬ ಒಂದು, ಕೆಮ್ಮಣ್ಣಿನ ಬಣ್ಣದ್ದು 1 ಲೀಟರ್ ಒಂದು. ಗೋಡೆ ತೀರಾ ಒರಟಿದ್ರೆ ಕೆಂಪು ಇನ್ನೊಂದು ಲೀಟರ್. ಡಿಸ್ಟೆಂಪರ್ ಅಗ್ಗ ಅಂತ ತರಬೇಡಿ, ಮೊದಲ ಮಳೆಗೇ ಇಳಿದು ಹೋಗುತ್ತೆ. ಕೋಟ್ ಕೋಟ್‌ಗೆ ನಡುವೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಿ.

ಆ ಕೆಂಪು ಕೆಳಗಿನ ಎರಡಡಿಗೆ. ಹಳ್ಳಿ ಮನೆ ಗೋಡೆ ಬುಡದಲ್ಲಿ ಪಟ್ಟಿ ಇರುತ್ತಲ್ಲ, ಹಾಗೆ. ಬೆಂಗಳೂರಲ್ಲಿ ಹೀಗೇ ಕಸದ ಮೂಲೆ ಸರಿಮಾಡೋ ‘ಅಗ್ಲಿ ಇಂಡಿಯನ್’ ತಂಡದೋರ ಗೋಡೆಗಳಲ್ಲೂ ನೋಡಿರ್ತೀಯ. ಎಲೆಅಡಿಕೆ ಉಗುಳು, ಮಳೆಗೆ ಸಿಡಿಯೋ ಕೆಸರು ಅದರ ಮೇಲೆ ಕಾಣಲ್ಲ. ದೇವರ ಟೈಲ್ಸ್ ಅಂಟಿಸೋಣ ಅಂತ ಚಿಕ್ಕಪ್ಪ ಹೇಳ್ತಿದ್ದಾರೆ, ನನಗಂತೂ ಸರಿ ಅನ್ಸಲ್ಲ. ಕಸ ನಾಲ್ಕಡಿ ಆಚೆ ಸರಿಯುತ್ತೆ ಅಷ್ಟೆ. ಕುಂಡಾನೂ ಬೇಡ, ನೀರು ಹಾಕೋರಿಲ್ಲದೆ ಒಣಗಿದ ಕುಂಡ ಆಮೇಲೆ ಕಸದ ಬುಟ್ಟಿಯೇ. ಒಂದು ಕಲ್ಲುಬೆಂಚು ಹಾಕ್ಸಿ, ಜನ ಕೂರೋ ಕಡೆ ಕಸ ಎಸೆಯೋಕೆ ನಾಚಿಕೆ.

ಮುಂದಿನ 15 ದಿನ ಬೆಳಿಗ್ಗೆ 6ಕ್ಕೆ ಇಬ್ಬರು ಬರ್ಬೇಕು. ರಾತ್ರಿ ಬಿದ್ದ ಮೊದಲ ಕವರ್ 7ರೊಳಗೆ ಎತ್ತದಿದ್ರೆ ಸಂಜೆ ಹೊತ್ತಿಗೆ ಹತ್ತಾಗಿರುತ್ತೆ. ಸೋಮವಾರ ಬರೋರು ಯಾರು ಅಂತ ಇವತ್ತೇ ಗ್ರೂಪಿಗೆ ಹಾಕು.