ಅಪ್‌ಡೇಟ್: ಸ್ಟೋರ್‌ನಿಂದ ತೆಗೆದಿದ್ದ ಟೊಮೆಟೊ ರೇಟ್ ಆ್ಯಪ್ ವಾಪಸ್ ಬಂತು

ಹನ್ನೆರಡು ದಿನದ ಹಿಂದೆ ಕೇಳಿದ್ದೆ: ಕೋಲಾರ ಮಾರ್ಕೆಟ್‌ನ ಟೊಮೆಟೊ ರೇಟ್ ಹಾಕುವ ನಮ್ಮ ಆ್ಯಪನ್ನು ಆ್ಯಪ್ ಸ್ಟೋರ್‌ನವರು ರಾತ್ರೋರಾತ್ರಿ ತೆಗೆದಿದ್ದಾರೆ, ಏನು ಮಾಡಲಿ ಅಂತ. ಈಗ ವಾಪಸ್ ಬಂದಿದೆ.

ಮೇಲ್ಮನವಿ ಹಾಕಿ ಅಂದಿದ್ದಿರಿ. ಮೂರು ಸಲ ಹಾಕಿದೆ. ಮೂರಕ್ಕೂ ಒಂದೇ ಉತ್ತರ, ಒಂದು ಕಾಮಾ ಕೂಡ ಬದಲಾಗಿರಲಿಲ್ಲ. ಆ ಕಡೆ ಮನುಷ್ಯರು ಇದ್ದಾರಾ ಅಂತಲೇ ಅನುಮಾನ.

ಕೆಲಸ ಮಾಡಿದ್ದು "ಚಾಟ್ ಭಾಗ ನೋಡಿ" ಅಂದವರ ಸಲಹೆ. ರೈತರು ಹರಟುವ ಜಾಗದಲ್ಲಿ ಯಾರೋ ಮಂಡಿಯವನಿಗೆ ಸರಿಯಾಗಿ ಬೈದಿದ್ದ. ಅದನ್ನು ರಿಪೋರ್ಟ್ ಮಾಡಲು, ಬೈದವನನ್ನು ಬ್ಲಾಕ್ ಮಾಡಲು ನಮ್ಮಲ್ಲಿ ಬಟನ್ನೇ ಇರಲಿಲ್ಲ. ಎರಡೂ ಸೇರಿಸಿದೆ, ನಾಲ್ಕನೇ ದಿನ ಆ್ಯಪ್ ಬಂತು. ಇದನ್ನು ಸ್ಟೋರ್‌ನವರು ಮೊದಲೇ ಒಂದು ಸಾಲಲ್ಲಿ ಹೇಳಬಹುದಿತ್ತು, ಅಲ್ವಾ?

ಮಧ್ಯೆ ಜೀವ ಉಳಿಸಿದ್ದು ವೆಬ್ ಆ್ಯಪ್. ಬ್ರೌಸರ್‌ನಲ್ಲಿ ತೆರೆದು ‘ಹೋಮ್ ಸ್ಕ್ರೀನ್‌ಗೆ ಸೇರಿಸಿ’ ಒತ್ತಿದರೆ ಸಾಕು, ಸ್ಟೋರ್‌ನ ಅಪ್ಪಣೆ ಬೇಡ. ಲಿಂಕ್ ಇರುವ ಚೀಟಿಯನ್ನು 15 ಕೆಜಿ ಟೊಮೆಟೊ ಬಾಕ್ಸ್‌ಗಳಿಗೇ ಅಂಟಿಸಿದೆವು.

ಹುಡುಕುವಾಗ ಗೊತ್ತಾಗಿದ್ದು: ಯುರೋಪ್ ಒಕ್ಕೂಟದಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಎಂಬ, ದೊಡ್ಡ ಟೆಕ್ ಕಂಪನಿಗಳಿಗೆ ಕಡಿವಾಣ ಹಾಕುವ ಕಾನೂನಿನಿಂದಾಗಿ 2024ರ ಮಾರ್ಚ್‌ನಿಂದ ಐಫೋನ್‌ನಲ್ಲೂ ಬೇರೆ ಸ್ಟೋರ್ ಹಾಕಿಕೊಳ್ಳಬಹುದಂತೆ. ನಮಗೆ ಆ ಭಾಗ್ಯ ಯಾವಾಗಲೋ. ವೆಬ್ ಆ್ಯಪ್ ಮಾತ್ರ ತೆಗೆಯಲ್ಲ, ಹಾಗೇ ಇಟ್ಟಿದ್ದೇನೆ.