ಹಳೆಯ ಡೀಸೆಲ್ ಕಾರಿನ ಹೀಟರ್‌ನಲ್ಲಿ ಬಿಸಿಗಾಳಿ ಬರುತ್ತಿಲ್ಲ: ಡ್ಯಾಶ್‌ಬೋರ್ಡ್ ಬಿಚ್ಚಿಸಲೇಬೇಕೇ?

ಪ್ರಶ್ನೆ (ಕುವೆಂಪುನಗರ, ಮೈಸೂರು)

ನಮ್ಮ ತಂದೆಯವರು 2004ರಲ್ಲಿ ಕೊಂಡ, ಟರ್ಬೊ ಇಲ್ಲದ ಸಣ್ಣ ಡೀಸೆಲ್ ಕಾರನ್ನು ಎಫ್‌ಸಿ ಮಾಡಿಸಿಕೊಂಡು ಇಂದಿಗೂ ಓಡಿಸುತ್ತಿದ್ದೇನೆ. ಮೈಸೂರಿನ ಹವೆಗೆ ಹೀಟರ್ ಇದ್ದರೇನು, ಬಿಟ್ಟರೇನು ಎಂದು ಇಷ್ಟು ವರ್ಷ ಅದರ ಗೋಜಿಗೇ ಹೋಗಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಊಟಿಗೆ ಹೋದಾಗ, ಗೂಡಲೂರು ದಾಟಿ ಘಾಟಿ ಹತ್ತುತ್ತಿದ್ದಂತೆ ಮುಂದಿನ ಗಾಜಿನ ಒಳಮೈಗೆ ಹಬೆ ಕಟ್ಟಿ, ನನ್ನ ಮಡದಿ ತಿರುವಿಗೊಮ್ಮೆ ಟವೆಲ್‌ನಿಂದ ಒರೆಸುತ್ತ ಕೂರಬೇಕಾಯಿತು. ಗುಂಡಿಯನ್ನು ಕೆಂಪು ಗುರುತಿನ ಕೊನೆಯವರೆಗೆ ತಿರುಗಿಸಿದರೂ ಹೊರಗಿನಷ್ಟೇ ತಣ್ಣನೆಯ ಗಾಳಿ ಬರುತ್ತದೆ. ಬ್ಲೋವರ್ ಚೆನ್ನಾಗಿಯೇ ತಿರುಗುತ್ತದೆ, ಕೂಲಂಟ್ ಕಡಿಮೆಯಾಗುತ್ತಿಲ್ಲ, ಕಾಲಡಿಯ ಮ್ಯಾಟ್ ಒದ್ದೆಯಾಗಿಲ್ಲ. ಟೆಂಪರೇಚರ್ ಮುಳ್ಳು ಮಾತ್ರ ಹೆದ್ದಾರಿಯಲ್ಲೂ ಕಾಲು ಭಾಗದಿಂದ ಮೇಲೇಳುವುದಿಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹೀಟರ್ ಕೋರ್ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಒಪ್ಪಬಹುದೇ?

ಉತ್ತರ (ಮಂಡ್ಯ)

ಸದ್ಯಕ್ಕೆ ಒಪ್ಪಬೇಡಿ ಸರ್. ಹೀಟರ್ ಕೋರ್ ಎಂಬುದು ಡ್ಯಾಶ್‌ಬೋರ್ಡಿನ ಹಿಂದೆ ಕುಳಿತ ಪುಟ್ಟ ರೇಡಿಯೇಟರ್ ಅಷ್ಟೇ. ಎಂಜಿನ್ನಿನ ಬಿಸಿ ಕೂಲಂಟ್ ಒಂದು ಹೋಸ್‌ನಲ್ಲಿ ಒಳಗೆ ಹೋಗಿ ಇನ್ನೊಂದರಲ್ಲಿ ಹೊರಗೆ ಬರುತ್ತದೆ, ನಡುವೆ ಬ್ಲೋವರ್ ಅದರ ಮೂಲಕ ಗಾಳಿ ತಳ್ಳುತ್ತದೆ. ಇಪ್ಪತ್ತು ನಿಮಿಷ ಓಡಿಸಿ ಬಂದು, ಗುಂಡಿಯನ್ನು ಕೆಂಪಿನಲ್ಲೇ ಇಟ್ಟು, ಬಾನೆಟ್ ಎತ್ತಿ, ಎಂಜಿನ್ ಹಿಂದಿನ ತಗಡಿನ ಗೋಡೆಯೊಳಕ್ಕೆ ಹೋಗುವ ಆ ಎರಡು ಹೋಸ್‌ಗಳನ್ನು ಫ್ಯಾನಿಗೆ ಕೈ ತಾಗದಂತೆ ಎಚ್ಚರದಿಂದ ಮುಟ್ಟಿ ನೋಡಿ. ಎರಡೂ ಕೈ ಇಡಲಾಗದಷ್ಟು ಸುಟ್ಟರೆ ತಪ್ಪು ಗಾಳಿಯನ್ನು ಕೋರ್ ಕಡೆಗೆ ತಿರುಗಿಸುವ ಫ್ಲಾಪ್‌ನದೋ ಅದನ್ನು ಎಳೆಯುವ ಕೇಬಲ್‌ನದೋ ಆಗಿರುತ್ತದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಎರಡೂ ಉಗುರುಬೆಚ್ಚಗಷ್ಟೇ ಇದ್ದರೆ ಕೋರ್ ಅನ್ನು ದೂಷಿಸಿ ಫಲವಿಲ್ಲ, ಎಂಜಿನ್ನೇ ಬಿಸಿಯಾಗುತ್ತಿಲ್ಲ.

ನೀವು ಮುಳ್ಳಿನ ಬಗ್ಗೆ ಬರೆದ ಸಾಲು ಓದಿ ನನಗೆ ಈ ಮೂರನೆಯದರ ಮೇಲೇ ಅನುಮಾನ. ಡೀಸೆಲ್ ಎಂಜಿನ್ ಮೊದಲೇ ಪೆಟ್ರೋಲ್ ಎಂಜಿನ್ನಿನಷ್ಟು ಬೇಗ ಕಾಯುವುದಿಲ್ಲ. ಅದರ ಮೇಲೆ ನಮ್ಮ ಕಡೆ ಗಾಡಿ ಒಮ್ಮೆ ಓವರ್‌ಹೀಟ್ ಆಯಿತೆಂದರೆ ಥರ್ಮೋಸ್ಟ್ಯಾಟ್ ವಾಲ್ವ್ (ಎಂಜಿನ್ ಕಾಯುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಬಿಲ್ಲೆ) ಕಿತ್ತು ಬಿಸಾಡುವುದೇ ಚಿಕಿತ್ಸೆ ಎಂಬ ನಂಬಿಕೆ ಬೇರೂರಿದೆ. ಬೆಳಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಹಿಡಿದು ನೋಡಿ: ವಾಲ್ವ್ ಸರಿಯಿದ್ದರೆ ಎಂಜಿನ್ ಸುಮಾರು 80 ಡಿಗ್ರಿ ದಾಟುವವರೆಗೆ ಅದು ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು.

ಉತ್ತರ (ಹೆಬ್ಬಾಳ, ಮೈಸೂರು)

ಇನ್ನೊಂದನ್ನೂ ನೋಡಿಬಿಡಿ. ನಾನು ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿಯಲ್ಲಿ ಹಿಂದಿನವರು ಹೀಟರ್‌ನ ಎರಡು ಪೈಪುಗಳನ್ನೂ ಕೋರ್‌ಗೆ ಕೊಡದೆ, ಒಂದಕ್ಕೊಂದು ಜೋಡಿಸಿ ಕ್ಲ್ಯಾಂಪ್ ಹಾಕಿದ್ದರು.

ಪ್ರಶ್ನೆ ಕೇಳಿದವರು

ಹೋಸ್‌ಗಳು ಎರಡೂ ಸರಿಯಾಗಿಯೇ ಕೋರ್‌ಗೆ ಹೋಗಿವೆ, ಆದರೆ ಎರಡೂ ಉಗುರುಬೆಚ್ಚಗಿದ್ದವು; ಮೇಲಿನ ಹೋಸ್ ಚಾಲೂ ಮಾಡಿದ ಸ್ವಲ್ಪ ಹೊತ್ತಿನಿಂದಲೇ ಮೆಲ್ಲನೆ ಬೆಚ್ಚಗಾಗತೊಡಗಿತು. ಬೇರೆ ಮೆಕ್ಯಾನಿಕ್ ಒಬ್ಬರಿಂದ ಥರ್ಮೋಸ್ಟ್ಯಾಟ್ ಹೌಸಿಂಗ್ ಬಿಚ್ಚಿಸಿದರೆ ಒಳಗೆ ಗ್ಯಾಸ್ಕೆಟ್ ಬಿಟ್ಟು ಏನೂ ಇರಲಿಲ್ಲ. ತಂದೆಯವರನ್ನು ಕೇಳಿದಾಗ, ಹಿಂದೊಮ್ಮೆ ನಂಜನಗೂಡಿನ ದಾರಿಯಲ್ಲಿ ಎಂಜಿನ್ ಕಾದು ಆವಿಯೆದ್ದು ನಿಂತದ್ದೂ, ಆಗ ಯಾರೋ "ಏನೋ ಒಂದು ಬಿಲ್ಲೆ" ತೆಗೆದದ್ದೂ ನೆನಪಾಯಿತು. ಹೊಸ ವಾಲ್ವ್ ಹಾಕಿಸಿದ್ದೇನೆ. ಮುಳ್ಳು ಈಗ ನಡುವಿಗೆ ಬಂದು ನಿಲ್ಲುತ್ತದೆ. ಆದರೂ ಗಾಳಿ ಬೆಚ್ಚಗಿದೆಯೇ ಹೊರತು ಬಿಸಿಯಿಲ್ಲ. ಹೊರಬರುವ ಹೋಸ್ ಒಳಹೋಗುವುದಕ್ಕಿಂತ ಬಹಳ ತಣ್ಣಗಿದೆ.

ಉತ್ತರ (ಮಂಡ್ಯ)

ವಾಲ್ವ್ ಇಲ್ಲದೆ ಇಷ್ಟು ವರ್ಷ ತಣ್ಣಗೆ ಓಡಿದ ಎಂಜಿನ್ ಡೀಸೆಲ್ಲನ್ನೂ ಹೆಚ್ಚು ಕುಡಿದಿರಬೇಕು. ಇನ್ನುಳಿದದ್ದು ಬೋರ್‌ವೆಲ್ ನೀರಿನ ಕೆಲಸ ಇದ್ದೀತು. ರೇಡಿಯೇಟರಿಗೆ ನಲ್ಲಿ ನೀರು ಸುರಿದ ಗಾಡಿಗಳಲ್ಲಿ ಕೋರ್‌ನ ಸಣ್ಣ ಕೊಳವೆಗಳು ಬಿಸಿನೀರಿನ ಹಂಡೆಯ ತಳದಂತೆ ಸುಣ್ಣಗಟ್ಟುತ್ತವೆ. ಎಂಜಿನ್ ಪೂರ್ತಿ ಆರಿದ ಮೇಲೆ ಎರಡೂ ಹೋಸ್ ಕಳಚಿ, ಹೊರಬರುವ ಕಡೆಯಿಂದ ತೋಟದ ಪೈಪಿನಲ್ಲಿ ಹದವಾದ ಒತ್ತಡದ ನೀರು ಬಿಟ್ಟು, ತಿಳಿನೀರು ಬರುವವರೆಗೆ ತೊಳೆಯಿರಿ. ಒತ್ತಡ ಹೆಚ್ಚಿಸಿದರೆ ಹಳೆಯ ಕೋರ್ ಒಡೆದು, ಡ್ಯಾಶ್‌ಬೋರ್ಡ್ ನಿಜವಾಗಿಯೂ ಬಿಚ್ಚಬೇಕಾದೀತು. ಆಮೇಲೆ ಕೂಲಂಟನ್ನೂ ಡಿಸ್ಟಿಲ್ಡ್ ವಾಟರನ್ನೂ ಸಮಸಮ ಬೆರೆಸಿ ತುಂಬಿಸಿ, ಹೀಟರ್ ಕೆಂಪಿನಲ್ಲೇ ಇಟ್ಟು ಎಂಜಿನ್ ಓಡಿಸಿ ಒಳಗಿನ ಗಾಳಿ ಹೋಗಲು ಬಿಡಿ. ಎಂಜಿನ್ ಕಾದಿರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ.

ಪ್ರಶ್ನೆ ಕೇಳಿದವರು

ಭಾನುವಾರ ತೊಳೆದೆ. ಮೊದಲು ಬಂದದ್ದು ರಾಗಿ ಅಂಬಲಿಯ ಬಣ್ಣದ ನೀರು, ಜೊತೆಗೆ ಬೆರಳಿಗೆ ಹತ್ತುವಷ್ಟು ಸುಣ್ಣದ ಹುಡಿ. ಸಂಜೆ ಚಾಮುಂಡಿ ಬೆಟ್ಟ ಹತ್ತಿ ಬರುವಷ್ಟರಲ್ಲಿ ಕಾಲ ಬಳಿ ಕೈ ಇಡಲಾಗದಂತೆ ಬಿಸಿಗಾಳಿ ಬಂತು. ಗಾಜಿನ ಹಬೆಗೆ ಇದಿಷ್ಟೇ ಸಾಕೇ?

ಉತ್ತರ (ಹೆಬ್ಬಾಳ, ಮೈಸೂರು)

ಎ.ಸಿ. ಇದ್ದರೆ ಅದನ್ನೂ ಹೀಟರ್ ಜೊತೆಗೇ ಹಾಕಿ, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಾಳಿ ಒಳಬರುವಂತೆ ಇಡಿ. ಎ.ಸಿ. ಗಾಳಿಯ ತೇವವನ್ನು ಹೀರುತ್ತದೆ, ಹೀಟರ್ ಗಾಜನ್ನು ಬೆಚ್ಚಗಿಡುತ್ತದೆ. ಮುಂದೆಂದಾದರೂ ಗಾಜಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿ ಸಿಹಿವಾಸನೆ ಬಂದರೆ ಮಾತ್ರ ಕೋರ್ ಸೋರುತ್ತಿದೆಯೆಂದು ತಿಳಿದು, ಆ ಗ್ಯಾರೇಜಿನವರ ಡ್ಯಾಶ್‌ಬೋರ್ಡಿನ ಮಾತನ್ನು ಮತ್ತೆ ಕೇಳಿ.