ಹೌಸಿಂಗ್ ಒಳಗೆ ಒಂದು ಚಮಚ ನೀರು: ನೇತ್ರಾಣಿಗೆ ಮತ್ತೆ ಹೋಗುವ ಮೊದಲು ಏನೇನು ನೋಡಬೇಕು?

ವಿದ್ಯಾನಗರ_ಹುಬ್ಬಳ್ಳಿ:
ನಮಸ್ಕಾರ. ನನ್ನದು ಕಿಸೆಯಲ್ಲಿ ಹಿಡಿಸುವ ಸಣ್ಣ ಕ್ಯಾಮೆರಾ. ಅದಕ್ಕೆಂದೇ ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಹೌಸಿಂಗ್, ಅಂದರೆ ಕ್ಯಾಮೆರಾ ಒದ್ದೆಯಾಗದಂತೆ ನೀರೊಳಗೆ ಒಯ್ಯುವ ಡಬ್ಬಿ, ಇದೆ. 40 ಮೀಟರ್ ಆಳದವರೆಗೆ ಇಳಿಸಬಹುದು ಎಂದು ಅದರ ಮೈಮೇಲೆಯೇ ಬರೆದಿದೆ. ಹೋದ ಸೀಸನ್‌ನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದಾಗ ನಾನು ಇಳಿದದ್ದು ಹತ್ತು ಹನ್ನೆರಡು ಮೀಟರ್ ಮಾತ್ರ. ಮೇಲೆ ಬಂದು ನೋಡಿದರೆ ಗಾಜಿನ ಒಳಬದಿಗೆ ಮಂಜು, ಕೆಳಗಿನ ಮೂಲೆಯಲ್ಲಿ ಒಂದು ಚಮಚದಷ್ಟು ನೀರು. ಪುಣ್ಯಕ್ಕೆ ಕ್ಯಾಮೆರಾ ಉಳಿದಿದೆ. ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆ, ಅಂದರೆ ದೊಡ್ಡ ಓ ರಿಂಗ್, ತೆಗೆದು ನೋಡಿದೆ. ಸೀಳಿಲ್ಲ, ಕೂದಲು ಸಿಕ್ಕಿಕೊಂಡಿಲ್ಲ. 40 ಮೀಟರ್ ತಾಳುವ ಡಬ್ಬಿ 12 ಮೀಟರ್‌ಗೇ ಏಕೆ ಸೋರಿತು? ಅಂಗಡಿಯಲ್ಲಿ ಕೇಳಿದರೆ ಹೊಸದು ತೆಗೆದುಕೊಳ್ಳಿ ಎನ್ನುತ್ತಾರೆ. ಮಳೆಗಾಲ ಮುಗಿದು ದೋಣಿಗಳು ಹೊರಡುವುದರೊಳಗೆ ಇದನ್ನು ಬಗೆಹರಿಸಿಕೊಳ್ಳಬೇಕು.

ಇನಾಮದಾರ_ಹಾನಗಲ್ಲ:
ಅದು ಸೋರಿಕೆ ಅಲ್ಲದಿರಬಹುದು ಮೇಡಂ. ಕರಾವಳಿಯ ಸೆಕೆಯಲ್ಲಿ ಮುಚ್ಚಳ ಹಾಕಿದರೆ ಒಳಗಿನ ತೇವವೇ ತಣ್ಣನೆಯ ಗಾಜಿಗೆ ತಾಗಿ ಮಂಜಾಗುತ್ತದೆ. ಒಂದು ಪೊಟ್ಟಣ ಸಿಲಿಕಾ ಜೆಲ್ ಇಟ್ಟು ನೋಡಿ.

ಸಪ್ತಾಪುರ_ಧಾರವಾಡ:
ಮಂಜಿಗೆ ಸಿಲಿಕಾ ಜೆಲ್ ಸರಿ, ಚಮಚದಷ್ಟು ನೀರಿಗೆ ಅಲ್ಲ. ಲೆಕ್ಕ ಹಾಕೋಣ. 30 ಡಿಗ್ರಿ ಬಿಸಿಯಲ್ಲಿ, ತೇವ ತುಂಬಿ ತುಳುಕುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಿನ ಆವಿ ಇರುತ್ತದೆ. ನಿಮ್ಮ ಹೌಸಿಂಗ್‌ನಲ್ಲಿರುವ ಗಾಳಿ ಹೆಚ್ಚೆಂದರೆ ಅರ್ಧ ಲೀಟರ್. ಅಷ್ಟನ್ನೂ ಹಿಂಡಿದರೆ ಒಂದು ಹನಿಯೂ ಆಗುವುದಿಲ್ಲ. ಇನ್ನೂ ಅನುಮಾನವಿದ್ದರೆ ನೀರು ನಿಂತಿದ್ದ ಮೂಲೆಯನ್ನು ನೋಡಿ: ಬಿಳಿ ಉಪ್ಪು ಉಳಿದಿದ್ದರೆ ಅದು ಸಮುದ್ರದ್ದೇ.

40 ಮೀಟರ್ ಎನ್ನುವುದು ಡಬ್ಬಿ ಒಡೆಯದೆ ತಾಳುವ ಆಳ. ಓ ರಿಂಗ್ ಕೂರುವ ವಿಚಾರ ಬೇರೆ. ಪ್ರತಿ 10 ಮೀಟರ್‌ಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ನಿಮ್ಮ ಮುಚ್ಚಳ 150 ಚದರ ಸೆಂಟಿಮೀಟರ್ ಇದೆ ಎಂದುಕೊಂಡರೂ ಹತ್ತು ಮೀಟರ್ ಆಳದಲ್ಲಿ ಅದರ ಮೇಲೆ 150 ಕಿಲೋ ಭಾರ ಕೂತಿರುತ್ತದೆ. ಆ ಭಾರವೇ ಮುಚ್ಚಳವನ್ನು ರಿಂಗ್ ಮೇಲೆ ಅದುಮಿ ಹಿಡಿಯುತ್ತದೆ. ನೀರಿನ ಮೇಲ್ಮೈಯಲ್ಲಿ ಆ ಸಹಾಯವಿಲ್ಲ, ಅಲ್ಲಿ ಮುಚ್ಚಳ ಬಿಗಿಯುವ ಕೊಂಡಿ, ಅಂದರೆ ಲಾಚ್, ಒಂದೇ ದಿಕ್ಕು. ಹಾಗಾಗಿ ಮುಚ್ಚಳದಿಂದ ನೀರು ನುಗ್ಗುವುದು ಬಹುತೇಕ ಮೊದಲ ಎರಡು ಮೂರು ಮೀಟರ್‌ನಲ್ಲಿ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದೇ ದೋಣಿಯಿಂದ ಜಿಗಿದಿರಾ?

ವಿದ್ಯಾನಗರ_ಹುಬ್ಬಳ್ಳಿ:
ಇಲ್ಲ ಸರ್, ನಾನು ನೀರಿಗಿಳಿದ ಮೇಲೆ ದೋಣಿಯವರು ಬಾಗಿ ಕೈಗೆ ಕೊಟ್ಟರು. ಉಪ್ಪಿನ ಕಲೆ ಇದೆ. ಇನ್ನೊಂದು ವಿಷಯ: ಅಲ್ಲಿ ಬೆಳಿಗ್ಗೆ ಗಡಿಬಿಡಿ ಬೇಡವೆಂದು ಮನೆಯಲ್ಲಿಯೇ ಕ್ಯಾಮೆರಾ ಕೂರಿಸಿ ಮುಚ್ಚಿಕೊಂಡು ಹೋಗಿದ್ದೆವು. ಬ್ಯಾಟರಿ ಹಾಕಲು ಮುರ್ಡೇಶ್ವರದಲ್ಲಿ ತೆರೆಯಲು ಹೋದರೆ ಮುಚ್ಚಳ ಜಪ್ಪಯ್ಯ ಎಂದರೂ ಬರಲಿಲ್ಲ. ಜೊತೆಗಿದ್ದವರೊಬ್ಬರು ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರು.

ಸಪ್ತಾಪುರ_ಧಾರವಾಡ:
ಅಯ್ಯೋ, ಸ್ಕ್ರೂಡ್ರೈವರ್! ಮುಚ್ಚಳ ಏಕೆ ಬರಲಿಲ್ಲ ಎಂದರೆ, ಹುಬ್ಬಳ್ಳಿ–ಧಾರವಾಡ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 700 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 8 ಶೇಕಡಾ ಕಡಿಮೆ. ಇಲ್ಲಿ ಮುಚ್ಚಿ ಘಟ್ಟ ಇಳಿದರೆ ಹೊರಗಿನ ಗಾಳಿ ಹನ್ನೆರಡು ಕಿಲೋ ಭಾರದಿಂದ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಹಿಂತಿರುಗುವಾಗ ಇದೇ ತಿರುವುಮುರುವು: ಅಲ್ಲಿ ಮುಚ್ಚಿದ ಡಬ್ಬಿಯನ್ನು ಯಲ್ಲಾಪುರ ದಾಟಿಸಿದರೆ ಒಳಗಿನ ಗಾಳಿ ಅಷ್ಟೇ ಬಲದಿಂದ ಮುಚ್ಚಳವನ್ನು ಹೊರಗೆ ತಳ್ಳುತ್ತದೆ, ಲಾಚ್ ಸಡಿಲಾಗುತ್ತದೆ. ಪ್ರಯಾಣದಲ್ಲಿ ದೊಡ್ಡ ರಿಂಗ್ ತೆಗೆದು ಬೇರೆ ಪೊಟ್ಟಣದಲ್ಲಿ ಇಡಿ, ಲಾಚ್ ಹಾಕಬೇಡಿ. ಈಗ ರಿಂಗ್ ಕೂರುವ ಗ್ರೂವ್‌ನಲ್ಲಿ ಗೀರು ಬಿದ್ದಿದೆಯೇ ಎಂದು ಟಾರ್ಚ್ ಅಡ್ಡ ಹಿಡಿದು ನೋಡಿ. ಉಗುರಿಗೆ ತಡೆಯುವಷ್ಟು ಗೀರಿದ್ದರೆ ಹೊಸ ರಿಂಗ್ ಹಾಕಿಯೂ ಉಪಯೋಗವಿಲ್ಲ.

ವಿದ್ಯಾನಗರ_ಹುಬ್ಬಳ್ಳಿ:
ನೋಡಿದೆ. ಅಂಚಿನ ಹೊರಗೆ ಗೀರಿದೆ, ರಿಂಗ್ ಕೂರುವ ಜಾಗ ನುಣ್ಣಗಿದೆ. ಹಾಗಾದರೆ ನೀರು ಬಂದದ್ದು ಎಲ್ಲಿಂದ?

ಬೋರ್‌ಮೋಟಾರ್_ಗದಗ:
ನಾನು ಸಮುದ್ರಕ್ಕೆ ಇಳಿದವನಲ್ಲ ಮೇಡಂ. ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಮೋಟಾರ್ ಬಿಚ್ಚಿ ಕಟ್ಟುವುದು ನನ್ನ ಕೆಲಸ. ಎಲ್ಲರೂ ಮುಚ್ಚಳದ ಹಿಂದೆ ಬಿದ್ದಿದ್ದೀರಿ. ನಮ್ಮ ಕೆಲಸದಲ್ಲಿ ಅಲುಗಾಡದ ಸೀಲ್ ಅಷ್ಟು ಸುಲಭಕ್ಕೆ ಸೋರುವುದಿಲ್ಲ, ಅಲುಗಾಡುವ ಶಾಫ್ಟ್ ಇರುವ ಕಡೆ ಸೋರುತ್ತದೆ. ನೀವು ಹಾಕಿದ ಫೋಟೊದಲ್ಲಿ ಡಬ್ಬಿಗೆ ಆರೇಳು ಬಟನ್ ಕಾಣುತ್ತಿವೆ. ಒಂದೊಂದರ ಕೆಳಗೂ ಒಂದು ಸಣ್ಣ ಶಾಫ್ಟ್, ಅದಕ್ಕೊಂದು ಸಣ್ಣ ರಿಂಗ್ ಇರಲೇಬೇಕು. ಉಪ್ಪು ನೀರು ಒಣಗಿ ಅಲ್ಲಿ ಹರಳುಗಟ್ಟಿದರೆ, ಬಟನ್ ಒತ್ತಿದಾಗಲೆಲ್ಲ ಹರಳು ರಿಂಗನ್ನು ತಿನ್ನುತ್ತದೆ.

ಹೀಗೆ ಪರೀಕ್ಷೆ ಮಾಡಿ. ಕ್ಯಾಮೆರಾ ತೆಗೆದಿಟ್ಟು ಖಾಲಿ ಹೌಸಿಂಗ್ ಮುಚ್ಚಿ. ಕೈಗೆ ಬೆಚ್ಚಗೆನ್ನಿಸುವ, ಸುಡದ ನೀರನ್ನು ಬಕೆಟ್‌ಗೆ ಹಾಕಿ ಅದರಲ್ಲಿ ಅದುಮಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ ಸೋರುವ ಜಾಗದಿಂದ ಗುಳ್ಳೆಯಾಗಿ ಬರುತ್ತದೆ. ಬಟನ್ ಸಂದಿಯಲ್ಲಿ ಮೊದಲೇ ಸಿಕ್ಕಿಕೊಂಡ ಗಾಳಿ ಒಂದೆರಡು ಗುಳ್ಳೆ ಬಿಟ್ಟು ನಿಲ್ಲುತ್ತದೆ, ಅದಕ್ಕೆ ಹೆದರಬೇಡಿ. ಒಂದೇ ಜಾಗದಿಂದ ಬಿಡದೆ ಬರುತ್ತಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಗುಳ್ಳೆ ಬರಲಿಲ್ಲವೆಂದ ಮಾತ್ರಕ್ಕೆ ಡಬ್ಬಿ ಗಟ್ಟಿ ಎಂದಲ್ಲ: ಇಲ್ಲಿ ಗಾಳಿ ಒಳಗಿನಿಂದ ತಳ್ಳುತ್ತದೆ, ಸಮುದ್ರ ಹೊರಗಿನಿಂದ.

ಇನಾಮದಾರ_ಹಾನಗಲ್ಲ:
ದೊಡ್ಡ ರಿಂಗನ್ನೂ ಬದಲಿಸಿಬಿಡಿ. ಗೋಕುಲ ರಸ್ತೆಯ ಕಡೆ ಹೈಡ್ರಾಲಿಕ್ ಸಾಮಾನಿನ ಅಂಗಡಿಗಳಿವೆ, ಅಳತೆ ಕೊಟ್ಟರೆ ಚಿಲ್ಲರೆ ಹಣಕ್ಕೆ ಸಿಗುತ್ತದೆ. ಸ್ವಲ್ಪ ವ್ಯಾಸಲಿನ್ ಸವರಿದರೆ ಆಯಿತು.

ಬೋರ್‌ಮೋಟಾರ್_ಗದಗ:
ಎರಡೂ ಬೇಡ ಸರ್. ಹೈಡ್ರಾಲಿಕ್‌ಗೆ ಮಾಡಿದ ರಿಂಗ್ ಸಾಮಾನ್ಯವಾಗಿ ಗಟ್ಟಿ, ರಬ್ಬರ್ ಎಷ್ಟು ಗಡಸು ಎಂದು ಹೇಳುವ ಶೋರ್ ಅಳತೆಯಲ್ಲಿ 70 ಅಥವಾ ಅದಕ್ಕೂ ಮೇಲೆ. ಪ್ಲಾಸ್ಟಿಕ್ ಲಾಚ್‌ಗೆ ಅದನ್ನು ಅಮುಕುವ ಶಕ್ತಿ ಇಲ್ಲ. ದೊಡ್ಡ ರಿಂಗ್ ಹೌಸಿಂಗ್ ಮಾಡಿದವರದ್ದೇ ಆಗಬೇಕು. ವ್ಯಾಸಲಿನ್ ಪೆಟ್ರೋಲಿಯಂ ಜಾತಿಯದು, ಕೆಲವು ಬಗೆಯ ರಬ್ಬರ್ ಅದಕ್ಕೆ ಉಬ್ಬಿ ಹಾಳಾಗುತ್ತದೆ. ಸಿಲಿಕೋನ್ ರಿಂಗ್‌ಗೆ ಸಿಲಿಕೋನ್ ಗ್ರೀಸ್ ಕೂಡ ಆಗಿಬರದಿರಬಹುದು, ಅದೂ ಊದಿಕೊಳ್ಳುತ್ತದೆ. ಡಬ್ಬಿಯ ಜೊತೆ ಕೊಟ್ಟ ಗ್ರೀಸ್ ಹಚ್ಚಿ, ರಿಂಗ್ ಮಿನುಗುವಷ್ಟು ಮಾತ್ರ. ಗ್ರೀಸ್ ನೀರು ತಡೆಯುವುದಿಲ್ಲ, ರಿಂಗ್ ಜಾರಿ ತನ್ನ ಜಾಗದಲ್ಲಿ ಕೂರಲು ಅಷ್ಟೇ. ದಪ್ಪಗೆ ಮೆತ್ತಿದರೆ ನಮ್ಮ ಎರೆಮಣ್ಣಿನ ಧೂಳು ಅಲ್ಲಿಯೇ ಮನೆ ಮಾಡುತ್ತದೆ. ಬಟ್ಟೆಯಿಂದ ಒರೆಸಬೇಡಿ. ಹತ್ತಿಯ ಒಂದು ಎಳೆ ರಿಂಗ್ ಕೆಳಗೆ ಸಿಕ್ಕರೆ ನೀರಿಗೆ ದಾರಿಯಾಯಿತು. ತೊಳೆದ ಬೆರಳೇ ಸಾಕು.

ವಿದ್ಯಾನಗರ_ಹುಬ್ಬಳ್ಳಿ:
ಸಿಕ್ಕಿತು! ನಳಕ್ಕೆ ನೀರು ಬಿಡುವ ದಿನಕ್ಕೆ ಕಾಯದೆ ಫಿಲ್ಟರ್ ನೀರನ್ನೇ ಕಾಯಿಸಿಕೊಂಡೆ. ಮುಚ್ಚಳದ ಸುತ್ತ ಏನೂ ಇಲ್ಲ, ಶಟರ್ ಬಟನ್ ಪಕ್ಕದಿಂದ ಗುಳ್ಳೆಗಳ ಸಾಲು. ಒಳಗಿನ ಸಣ್ಣ ಕ್ಲಿಪ್ ಜಾರಿಸಿ ಬಟನ್ ಹೊರಗೆ ತೆಗೆದೆವು. ಶಾಫ್ಟ್ ಸುತ್ತ ಬಿಳಿ ಹರಳು, ರಿಂಗ್‌ನ ಒಂದು ಬದಿ ಸವೆದು ಚಪ್ಪಟೆ. ಹೌಸಿಂಗ್ ಮಾಡಿದವರಿಂದ ಬಟನ್ ರಿಂಗ್‌ಗಳ ಸೆಟ್ ತರಿಸುತ್ತಿದ್ದೇನೆ. ಗದಗದ ಸರ್‌ಗೆ ದೊಡ್ಡ ನಮಸ್ಕಾರ. ಅಕಸ್ಮಾತ್ ಮತ್ತೆ ಸೋರಿದರೆ ನೀರಿನೊಳಗೆ ಏನು ಮಾಡಬೇಕು?

ಸಪ್ತಾಪುರ_ಧಾರವಾಡ:
ಲೆನ್ಸ್ ಕೆಳಮುಖ ಮಾಡಿ ಹಿಡಿಯಿರಿ, ನೀರು ಗಾಜಿನ ಕಡೆ ಸೇರಿ ಬ್ಯಾಟರಿಯಿಂದ ದೂರ ಇರುತ್ತದೆ. ಸಾಧ್ಯವಾದರೆ ಕ್ಯಾಮೆರಾ ಆಫ್ ಮಾಡಿ. ಆದರೆ ಅದರ ಚಿಂತೆಯಲ್ಲಿ ಮೇಲಕ್ಕೆ ಧಾವಿಸಬೇಡಿ: ನಿಮಿಷಕ್ಕೆ 9 ಮೀಟರ್‌ನಂತೆ ನಿಧಾನವಾಗಿ ಏರಿ, 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲುವುದನ್ನು ಬಿಡಬೇಡಿ. ಕ್ಯಾಮೆರಾ ಹೊಸದು ಸಿಗುತ್ತದೆ, ಶ್ವಾಸಕೋಶ ಸಿಗುವುದಿಲ್ಲ. ಮೇಲೆ ಬಂದ ಮೇಲೆ ಡಬ್ಬಿಯನ್ನು ಮುಖದ ಎದುರು ತೆರೆಯಬಾರದು, ಉಪ್ಪು ನೀರು ಬಿದ್ದ ಲಿಥಿಯಂ ಬ್ಯಾಟರಿ ಅನಿಲ ಬಿಟ್ಟಿರಬಹುದು. ಬ್ಯಾಟರಿ, ಕಾರ್ಡ್ ತೆಗೆದು, ಮತ್ತೆ ಆನ್ ಮಾಡದೆ, ಸಿಹಿನೀರಿನಲ್ಲಿ ತೊಳೆದು ದುರಸ್ತಿಯವರಿಗೆ ಕೊಡಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಅಕ್ಕಿ ಉಪ್ಪನ್ನು ತೆಗೆಯುವುದಿಲ್ಲ.

ಪ್ರತಿ ಡೈವ್ ಮುಗಿದ ಮೇಲೆ, ಡಬ್ಬಿ ಒಣಗುವ ಮೊದಲು, ಮುಚ್ಚಿದಂತೆಯೇ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರೊಳಗೇ ಎಲ್ಲ ಬಟನ್ ಒತ್ತಿ ಒತ್ತಿ ಬಿಡಿ. ಹರಳು ಕಟ್ಟುವುದು ತಪ್ಪುತ್ತದೆ. ನಳದ ರಭಸದ ಧಾರೆ ಮಾತ್ರ ಬೇಡ.

ವಿದ್ಯಾನಗರ_ಹುಬ್ಬಳ್ಳಿ:
ಹೊಸ ರಿಂಗ್ ಹಾಕಿದ ಮೇಲೆ ಮೊದಲ ಸಲ ಟಿಶ್ಯೂ ಕಾಗದ ಇಟ್ಟು ಖಾಲಿ ಡಬ್ಬಿ ಇಳಿಸುತ್ತೇನೆ. ಖಾಲಿ ಇದ್ದರೆ ತೇಲುವುದಿಲ್ಲವೇ?

ಬೋರ್‌ಮೋಟಾರ್_ಗದಗ:
ತೇಲುತ್ತದೆ. ಅರ್ಧ ಕಿಲೋ ಕಬ್ಬಿಣದ ನಟ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಳಗಿಡಿ, ಬಿಡಿಯಾಗಿ ಹಾಕಿದರೆ ಗಾಜು ಗೀರುತ್ತದೆ. ಕಾಗದವನ್ನು ಶಟರ್ ಬಟನ್ ಕೆಳಗೆ ಒಂದು, ಮುಚ್ಚಳದ ಅಂಚಿಗೆ ಒಂದು, ಬೇರೆ ಬೇರೆಯಾಗಿ ಇಡಿ. ಕಾಗದದ ತುದಿ ರಿಂಗ್ ಮೇಲೆ ಬರದಂತೆ ನೋಡಿಕೊಳ್ಳಿ.